ಗುರುಸಿದ್ದವ್ವನ ಸೀರೆಯ ಗೆರೆಗಳು

ಅಮಸಿದ್ದನ ಬಲಗೈ ತೋರುಬೆರಳು ಸುಮ್ಮನಿದ್ದದ್ದನ್ನು ಅವನ ಹೆಂಡತಿ ರೇಣುಕಾ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಕಂಡಿಲ್ಲ. ಊಟಕ್ಕೆ ಕುಳಿತರೆ ತಾಟಿನ ಅಂಚಿಗೆ ಹರಿದ ಸಾರಿನಲ್ಲಿ ಗೆರೆ ಎಳೆಯುತ್ತದೆ. ಬಸ್ಸಿನಲ್ಲಿ ಕುಳಿತರೆ ತೊಡೆಯ ಮೇಲೆ ಯಾರದೋ ಮೂಗು ತಿದ್ದುತ್ತದೆ. ಸತ್ತವರ ಮನೆಗೆ ಹೋದಾಗಲೂ ಕಿಸೆಯೊಳಗೆ ಆಡುತ್ತಲೇ ಇರುತ್ತದೆ. ಒಂದು ಬೆರಳಿಗಷ್ಟೇ ದೆವ್ವ ಬಡಿದಿದೆ ಎಂದು ಅವಳು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

ಆ ಬೆರಳಿನಿಂದಲೇ ಅವರ ಮನೆಯ ಒಲೆ ಉರಿಯುವುದು. ವಿಜಯಪುರದಿಂದ ಹೊರಡುವ ‘ಡೋಣಿ ಸಂಜೆ’ ಎಂಬ ನಾಲ್ಕು ಪುಟದ ಸಂಜೆ ಪತ್ರಿಕೆಗೆ ಅಮಸಿದ್ದ ಹದಿನಾಲ್ಕು ವರ್ಷದಿಂದ ದಿನಕ್ಕೊಂದು ವ್ಯಂಗ್ಯಚಿತ್ರ ಬರೆಯುತ್ತಾನೆ. ಚಿತ್ರದಲ್ಲಿ ಇಬ್ಬರೇ. ಗುರುಸಿದ್ದವ್ವ ಎಂಬ ಮುದುಕಿ, ಪಕ್ಕದಲ್ಲಿ ಅವಳ ಆಡು. ಮುದುಕಿಗೆ ಗೆರೆಗೆರೆ ಸೀರೆ, ಕೈಯಲ್ಲೊಂದು ಕೋಲು, ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ. ಊರಲ್ಲಿ ಏನೇ ನಡೆಯಲಿ, ಅವಳು ಅದನ್ನು ಆಡಿಗೆ ಹೇಳುತ್ತಾಳೆ. ಮನುಷ್ಯರಿಗೆ ಹೇಳಿ ಉಪಯೋಗವಿಲ್ಲ ಎಂಬುದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಒಂದೇ ರಸ್ತೆಯನ್ನು ಮೂರನೆಯ ಸಲ ಅಗೆದಾಗ, ‘ಹ್ವಾದ ಸಲ ಹುಗದದ್ರಾಗ ಏನರೆ ಮರತ ಬಂದಾರ ಕಾಣತೈತಿ’ ಎಂದಿದ್ದಳು. ಶುದ್ಧ ನೀರಿನ ಘಟಕ ಉದ್ಘಾಟನೆಯಾದ ಮರುದಿನ, ‘ಎಷ್ಟ ಶುದ್ಧ ಐತಿ ಅಂದ್ರ, ಅದರಾಗ ನೀರೂ ಇಲ್ಲ’ ಎಂದಿದ್ದಳು.

ಇಂಥ ಒಂದು ಮಾತಿಗಾಗಿ ಅಮಸಿದ್ದ ಬೆಳಿಗ್ಗೆ ಎಂಟಕ್ಕೇ ಗಾಂಧಿ ಚೌಕಕ್ಕೆ ಬಂದು ಅಲೆಯುತ್ತಾನೆ. ಕಿರಾಣಿ ಸಗಟು ಅಂಗಡಿಗಳ ಮುಂದೆ, ಆಟೋ ನಿಲ್ಲುವಲ್ಲಿ, ತರಕಾರಿ ಮಾರುವ ಹೆಂಗಸರ ಬೆನ್ನ ಹಿಂದೆ ನಿಂತು ಕಿವಿಗೊಡುತ್ತಾನೆ. ಹನ್ನೊಂದಕ್ಕೆ ಕಚೇರಿ ಸೇರಿ ಕುಳಿತರೆ ಚಿತ್ರಕ್ಕೆ ಇಪ್ಪತ್ತು ನಿಮಿಷ ಸಾಕು. ಕೆಳಗೆ ಬರೆಯುವ ಒಂದು ಸಾಲು ಮಾತ್ರ ಅವನ ಜೀವ ತಿನ್ನುತ್ತದೆ. ಬರೆದು ಹೊಡೆದು, ಹೊಡೆದು ಬರೆದು, ಒಂದು ಶಬ್ದ ಹಿಂದೆ ಒಂದು ಶಬ್ದ ಮುಂದೆ ಮಾಡಿ, ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಶಾಹೀನ ಮೂರು ಸಲ ಕೂಗಿದ ಮೇಲೆಯೇ ಹಾಳೆ ಅವಳ ಕೈಗೆ ಹೋಗುವುದು.

ಗೆರೆಯ ಹುಚ್ಚು ಅವನಿಗೆ ಹತ್ತಿದ್ದು ಕನಮಡಿಯಲ್ಲಿ, ಅಪ್ಪನ ಕುರಿಗಳ ಬೆನ್ನ ಮೇಲೆ. ನಾಲ್ಕಾರು ಮನೆಯ ಕುರಿ ಕೂಡಿ ಮೇಯಲು ಹೊರಟಾಗ ಕಲೆತುಹೋಗಬಾರದೆಂದು ಒಂದೊಂದು ಮನೆಯವರು ಒಂದೊಂದು ಗುರುತನ್ನು ಕೆಮ್ಮಣ್ಣಿನಲ್ಲಿ ಹಾಕುತ್ತಿದ್ದರು. ಇವರದು ಅರ್ಧ ಚಂದ್ರ, ಕೆಳಗೊಂದು ಗೆರೆ. ಹತ್ತು ವರ್ಷದ ಅಮಸಿದ್ದ ಒಂದು ಟಗರಿನ ಬೆನ್ನ ಮೇಲೆ ಚಂದ್ರನ ಬದಲು ಪಕ್ಕದ ಮನೆಯ ಯಜಮಾನನ ಮುಖ ಬಿಡಿಸಿಬಿಟ್ಟ. ಯಜಮಾನ ತನ್ನ ಗುರುತು ತಾನೇ ಹಿಡಿದು ಬಡಿಗೆ ತಗೊಂಡು ಬಂದ. ಅಪ್ಪ ಅವನೆದುರಿಗೆ ಮಗನಿಗೆ ನಾಲ್ಕು ಬಿಗಿದು, ಆಮೇಲೆ ಟಗರಿನ ಕಡೆ ನೋಡಿ ಮುಖ ತಿರುವಿ ನಕ್ಕ.

ಒಂದು ಮನೆಯವರು ಮಾತ್ರ ಕೆಮ್ಮಣ್ಣು ಕಲೆಸುವ ಕಷ್ಟ ಬೇಡವೆಂದು ಕುರಿಗಳ ಕೊರಳಿಗೆ ಕೆಂಪು ಅರಿವೆ ಕಟ್ಟಿದ್ದರು. ಜಾಲಿಮುಳ್ಳಿನಲ್ಲಿ ಅರಿವೆ ಹರಿದುಹೋಗಿ ಆ ವರ್ಷ ದೊಡ್ಡ ಜಗಳವಾಯಿತು. “ಗುರ್ತ ಕೊಳ್ಳಾಗ ಕಟ್ಟಬಾರ್ದೋ ತಮ್ಮಾ, ಮೈಮ್ಯಾಲ ಇರಬೇಕು. ಕಟ್ಟಿದ್ದು ಕಳೀತೈತಿ” ಎಂದು ಅಪ್ಪ ಹೇಳಿದ್ದ.

ಅಜ್ಜ ಊರ ಗುಡಿಯ ಪೂಜಾರಿ. ವರ್ಷಕ್ಕೊಮ್ಮೆ ದೇವರು ಮೈದುಂಬಿ, ಮುಂದಾಗುವುದರ ಹೇಳಿಕೆ ಕೊಡುತ್ತಿದ್ದ. ಎರಡೇ ಮಾತು, ಅದರ ಅರ್ಥವೇನೆಂದು ಜನ ವರ್ಷವಿಡೀ ಜಗಳಾಡುತ್ತಿದ್ದರು. ಮೊಮ್ಮಗನಿಗೆ ಗುಡಿಯ ದೇವರ ಹೆಸರನ್ನೇ ಇಟ್ಟವನೂ ಅವನೇ.

ಪಿಯುಸಿ ಮುಗಿಯದೆ ಅಮಸಿದ್ದ ವಿಜಯಪುರಕ್ಕೆ ಬಂದು ಅಂಗಡಿಗಳ ಬೋರ್ಡು ಬರೆಯಲು ನಿಂತ. ಸಣ್ಣ ಅಕ್ಷರದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಗೇಣು ತಗಡಿನಲ್ಲಿ ಇಡೀ ಕಿರಾಣಿ ಅಂಗಡಿಯ ಸಾಮಾನಿನ ಹೆಸರು ಕೂಡಿಸುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಎರಡೇ ವರ್ಷದಲ್ಲಿ ಕುಂಚಗಳು ಡಬ್ಬಿಯಲ್ಲೇ ಒಣಗಿದವು. ‘ಡೋಣಿ ಸಂಜೆ’ಯ ಬೋರ್ಡು ಬರೆಸಿದ್ದ ಸಂಪಾದಕ ಮಲಕಾಜಪ್ಪ ಆಗ ಅವನನ್ನು ಕರೆದು, ಗೋಡೆಯ ಮೇಲೆ ಬರೆಯುವುದನ್ನು ಹಾಳೆಯ ಮೇಲೆ ಬರೆಯೆಂದರು.

ಹದಿನಾಲ್ಕು ವರ್ಷದಲ್ಲಿ ಓದುಗರಿಂದ ಬಂದದ್ದು ಎರಡು ಕಾಗದ. ಒಂದು ಅವನ ಸೋದರಮಾವನದು. ಇನ್ನೊಂದು ತಿಕೋಟಾದಿಂದ, ಹೆಸರಿಲ್ಲದ್ದು: ‘ನಿನ್ನೆಯ ಚಿತ್ರದಲ್ಲಿ ಆಡಿಗೆ ಮೂರೇ ಕಾಲು ಇವೆ. ನಾಲ್ಕನೆಯದು ಹಿಂದೆ ಇದೆಯೋ ಅಥವಾ ಇಲ್ಲವೇ ಇಲ್ಲವೋ, ದಯವಿಟ್ಟು ಇಂದೇ ತಿಳಿಸಿರಿ.’ ಎಂಥ ಸೂಕ್ಷ್ಮ ಓದುಗ ಎಂದು ಅಮಸಿದ್ದ ಅದನ್ನು ಟ್ರಂಕಿನಲ್ಲಿ ಮದುವೆಯ ಫೋಟೋದ ಜೊತೆ ಇಟ್ಟಿದ್ದಾನೆ.

ಕಳೆದ ಬೇಸಿಗೆಯಲ್ಲಿ ಮಲಕಾಜಪ್ಪ ಅವನನ್ನು ಕರೆದು ಕೂರಿಸಿದರು. ಕೋಚಿಂಗ್ ಕ್ಲಾಸೊಂದರ ಜಾಹೀರಾತು ವರ್ಷಪೂರ್ತಿ ಬರುವುದಿದೆ, ಅವರಿಗೆ ಗುರುಸಿದ್ದವ್ವನ ಜಾಗವೇ ಬೇಕಂತೆ, ಮಾಲೀಕರು ಒಪ್ಪಿದ್ದಾರೆ ಎಂದರು. ಮುದುಕಿಯನ್ನು ಯಾರು ಓದುತ್ತಾರೆಂದು ಮಾಲೀಕರು ಕೇಳಿದರಂತೆ.

“ನಾ ಅಂತೂ ಓದತೀನಪಾ” ಎಂದರು ಮಲಕಾಜಪ್ಪ. “ಆದರ ನಾ ಒಬ್ಬಾವ ಓದಿದ್ರ ಪೇಪರ್ ನಡಿಯೂದಿಲ್ಲಲ್ಲ.”

ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಸೋಮವಾರ ಒಂದು ದಿನ ಚಿತ್ರ ಬಿಟ್ಟು ನೋಡುವುದು. ಯಾರಾದರೂ ಕೇಳಿದರೆ ಗುರುಸಿದ್ದವ್ವ ಉಳಿಯಬೇಕು. ಯಾರೂ ಕೇಳದಿದ್ದರೆ ಅವಳೂ ಅವಳ ಆಡೂ ಮನೆಗೆ.

ಆ ಸೋಮವಾರ ಅಮಸಿದ್ದ ಕೂತಲ್ಲಿ ಕೂರಲಿಲ್ಲ. ಮೂರು ಸಲ ಮನೆಯಿಂದ ಹೊರಟು ಮೂರು ಸಲ ಅರ್ಧ ದಾರಿಯಿಂದ ತಿರುಗಿದ. ಐದೂವರೆಗೆ ಧೈರ್ಯ ಮಾಡಿ ಕಚೇರಿಯ ಮೆಟ್ಟಿಲು ಹತ್ತಿದಾಗ ಶಾಹೀನ ಫೋನು ಕೆಳಗಿಡುವುದಕ್ಕೂ ಅದು ಮತ್ತೆ ಬಡಿದುಕೊಳ್ಳುವುದಕ್ಕೂ ಸರಿಹೋಗುತ್ತಿತ್ತು. ಐವತ್ತೆಂಟು ಕರೆ ಬಂದಿದ್ದವು. ಕಾಖಂಡಕಿ, ಬಬಲೇಶ್ವರ, ಕನಮಡಿ. ಎಲ್ಲಕ್ಕಿಂತ ಹೆಚ್ಚು ತಿಕೋಟಾದಿಂದ. ಎಲ್ಲರದೂ ಒಂದೇ ಪ್ರಶ್ನೆ: ಮುದುಕಿ ಯಾಕೆ ಬಂದಿಲ್ಲ? ಒಬ್ಬಾತ ಚಿತ್ರ ತೆಗೆಯುವವರ ಆರೋಗ್ಯ ಹೇಗಿದೆ ಎಂದೂ ವಿಚಾರಿಸಿದ್ದ. ಮಲಕಾಜಪ್ಪ ಎದ್ದು ಬಂದು ಅವನ ಕೈ ಹಿಡಿದರು. ನಾಳೆಯಿಂದ ಗುರುಸಿದ್ದವ್ವ ಮುಖಪುಟಕ್ಕೆ ಎಂದರು. ಶಾಹೀನ ಮಾತ್ರ ತಲೆ ಎತ್ತದೆ ಕೀಲಿಮಣೆ ಒರೆಸುತ್ತಿದ್ದಳು.

ಅಮಸಿದ್ದ ಪೇಢೆ ಕಟ್ಟಿಸಿಕೊಂಡು ಮನೆಗೆ ಹೋದ. ರೇಣುಕಾ ಒಂದನ್ನು ಬಾಯಿಗೆ ಹಾಕಿಕೊಂಡಳು. “ಇಷ್ಟ್ ಮಂದಿ ಓದತಾರ ಅಂತೀರಿ. ಒಬ್ಬರರೆ ಒಮ್ಮೆ ಎದುರಿಗೆ ಬಂದು, ಚಲೋ ಅಂದಾಳ ಮುದಕಿ ಅಂತ ನಕ್ಕಾರೇನ್ರಿ?”

ಆ ಮಾತು ಅವನೊಳಗೆ ಹೊಕ್ಕು ಕೂತಿತು. ಬೆರಳು ತೊಡೆಯ ಮೇಲೆ ಗೆರೆಯ ಮೇಲೆ ಗೆರೆ ಎಳೆಯಿತು. ನಗುವ ಒಂದು ಮುಖ ಕಂಡುಬಿಟ್ಟರೆ ಸಾಕು ಎನಿಸಿತು.

ಗುರುವಾರ ಅವನು ತಿಕೋಟಾದ ಬಸ್ಸು ಹತ್ತಿದ. ಅದೇ ಬಸ್ಸಿನ ಡ್ರೈವರಿನ ಪಕ್ಕದಲ್ಲಿ ಪತ್ರಿಕೆಯ ಕಟ್ಟೂ ಇತ್ತು. ಆ ದಿನದ ಚಿತ್ರ ಅವನಿಗೇ ಬಹಳ ಹಿಡಿಸಿತ್ತು. ಹೊಸ ಬಸ್ ತಂಗುದಾಣದ ಒಳಗೋಡೆಯ ತುಂಬ ಮುಖಂಡರ ಫೋಟೋ, ಹೊರಗೆ ಬಿಸಿಲಿನಲ್ಲಿ ಜನ. ಗುರುಸಿದ್ದವ್ವ ಆಡಿಗೆ ಹೇಳುತ್ತಾಳೆ: ‘ನೆರಳ ಫೋಟೋದವರಿಗೆ, ಬಿಸಲ ನಮಗ. ಪಾಲ ಬರೋಬ್ಬರಿ ಆತು.’ ಆ ‘ಬರೋಬ್ಬರಿ’ ಎಲ್ಲಿ ಬರಬೇಕೆಂದು ಎರಡು ತಾಸು ತಲೆ ಕೆಡಿಸಿಕೊಂಡಿದ್ದ.

ಬಸ್ ನಿಲ್ದಾಣದ ಎದುರಿಗೆ ಫಕ್ರುದ್ದೀನನ ಚಹಾದಂಗಡಿ. ಆರೇಳು ಜನ ಬೆಂಚಿನ ಮೇಲೆ ಪತ್ರಿಕೆಗಾಗಿಯೇ ಕಾದಿದ್ದರು. ಅಮಸಿದ್ದ ಮೂಲೆಯಲ್ಲಿ ಕುಳಿತು ಚಹಾ ಹೇಳಿದ. ಕಟ್ಟು ಬಿಚ್ಚಿದ ಕೂಡಲೇ ಮುತ್ತು ಎಂದು ಎಲ್ಲರೂ ಕರೆಯುತ್ತಿದ್ದ ಬಿಳಿ ಟೊಪ್ಪಿಗೆಯವನು ಒಂದು ಪ್ರತಿ ಕಸಿದುಕೊಂಡ. ಸುದ್ದಿಯ ಮೇಲೆ ಕಣ್ಣೂ ಹಾಯಿಸದೆ ನಾಲ್ಕಾಗಿ ಮಡಚಿ ಚಿತ್ರವೊಂದನ್ನೇ ಮೇಲೆ ಮಾಡಿ ಹಿಡಿದ. ಉಳಿದವರ ತಲೆಗಳು ಅವನ ಸುತ್ತ ಕೂಡಿದವು. ಅಮಸಿದ್ದ ನಗುವಿಗಾಗಿ ಕಾದ.

ಯಾರೂ ನಗಲಿಲ್ಲ. ಮುತ್ತು ಕಿವಿಯ ಮೇಲಿನ ಪೆನ್ಸಿಲು ತೆಗೆದು ಗುರುಸಿದ್ದವ್ವನ ಸೀರೆಯ ಗೆರೆಗಳನ್ನು ಒಂದೊಂದಾಗಿ ಮುಟ್ಟತೊಡಗಿದ. ಏಳು ಎಂದ. ಸೆರಗಿನ ಕೆಳಗಿನದು ಅರ್ಧ ಗೆರೆ, ಅದನ್ನು ಹಿಡಿಯಬಾರದು, ಆರೇ ಎಂದು ಪಕ್ಕದವನು ವಾದ ತೆಗೆದ. ಆಡಿನ ಬಾಲ ಮೇಲಿರುವುದರಿಂದ ನಂಬರು ಮೊದಲ ಆಟಕ್ಕೋ ಎರಡನೆಯದಕ್ಕೋ ಎಂದು ಮತ್ತೊಬ್ಬ ಕೇಳಿದ.

ಅಷ್ಟರಲ್ಲಿ ಬಗಲಲ್ಲಿ ಜೋಳದ ಚೀಲ ಇಟ್ಟುಕೊಂಡ ಹೆಂಗಸೊಬ್ಬಳು ಅಂಗಡಿಯ ಮುಂದೆ ಬಂದು ನಿಂತಳು. ಗಿರಣಿಗೆ ಕೊಡಲು ಚಿಲ್ಲರೆ ಏನಾದರೂ ಕೊಡಿ ಎಂದು ಗಂಡ ಮುತ್ತುವಿಗೆ ಮೆಲ್ಲಗೆ ಹೇಳಿದಳು. ಅವನು ತಲೆ ಎತ್ತಲಿಲ್ಲ. “ತಡೀಯ ಬೇ, ಗೆರಿ ತಪ್ಪತಾವು” ಎಂದ. ಅವಳು ತಡೆದಳು. ತಡೆದು ತಡೆದು, ಚೀಲವನ್ನು ಇನ್ನೊಂದು ಬಗಲಿಗೆ ಬದಲಿಸಿ, ಬಂದ ದಾರಿಯಲ್ಲೇ ಹೋದಳು.

ಚಹಾ ತಂದ ಫಕ್ರುದ್ದೀನ, ಹೊಸಬರು ಕಾಣುತ್ತೀರಿ ಎಂದು ತಾನಾಗಿಯೇ ವಿವರಿಸಿದ. ಇದು ಓಸಿ ಆಡುವವರ ಕೂಟ. ಒಂದು ನಂಬರಿನ ಮೇಲೆ ರೊಕ್ಕ ಕಟ್ಟಿ ಚೀಟಿ ಬರೆಸುತ್ತಾರೆ, ನಂಬರು ಬಂದರೆ ಬಂತು, ಇಲ್ಲದಿದ್ದರೆ ನಾಳೆ ಮತ್ತೆ. ಉಳಿದ ಪತ್ರಿಕೆಗಳ ಚಿತ್ರ ಯಾವುದೂ ಉಪಯೋಗವಿಲ್ಲ, ಇದರದ್ದೇ ಖರೆ. ತೆಗೆಯುವವನು ಕನಮಡಿ ಪೂಜಾರಿ ಮನೆತನದವನು. ಅಜ್ಜ ಗುಡಿಯಲ್ಲಿ ಹೇಳಿಕೆ ಕೊಡುತ್ತಿದ್ದ, ಮೊಮ್ಮಗ ಪೇಪರಿನಲ್ಲಿ ಕೊಡುತ್ತಾನೆ.

“ಹೆಸರ ನೋಡ್ರಿ ಕೆಳಗ, ಅಮಸಿದ್ದ. ದೇವರ ಹೆಸರು. ಮುದಕಿ ಸುಮ್ನ ಬಾಯಿ ತಗೀತಾಳ, ಖರೇ ಮಾತ ಸೀರ್ಯಾಗ ಇರತೈತಿ.”

ಅಮಸಿದ್ದನಿಗೆ ಟ್ರಂಕಿನೊಳಗಿನ ಮೂರು ಕಾಲಿನ ಕಾಗದ ನೆನಪಾಯಿತು. ಮುತ್ತುವಿನ ಹತ್ತಿರ ಸರಿದು, ಇವತ್ತು ಮುದುಕಿ ಏನೆಂದಿದ್ದಾಳೆ ಎಂದು ಕೇಳಿದ. ಅವಳ ಮಾತು ಮಡಿಕೆಯ ಹಿಂದೆ ಇತ್ತು. ಮುತ್ತು ಮಡಿಕೆ ಬಿಚ್ಚುವ ಗೋಜಿಗೆ ಹೋಗಲಿಲ್ಲ.

“ಏನರೆ ಅಂದಿರತಾಳ ಬಿಡ್ರಿ. ಅಕೀ ಮಾತ ಯಾರ ಓದತಾರ.”

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವನು ನಿಂತೇ ಬಂದ.

ಶುಕ್ರವಾರ ಎಣಿಸಲು ಏನೂ ಇಲ್ಲದ ಚಿತ್ರ ಬರೆಯಬೇಕೆಂದು ಕುಳಿತ. ಗೆರೆ ಬಿಟ್ಟು ಸಾದಾ ಸೀರೆ ಉಡಿಸಿದ, ಸೊನ್ನೆ ಎಂದಾರು. ಆಡನ್ನು ಕುಳ್ಳಿರಿಸಿ ಕಾಲು ಮುಚ್ಚಿದ. ಕಿವಿ ಎರಡು ಉಳಿದವು. ಕೋಲು ಕಸಿದರೆ ಬೆರಳು ಐದು. ಇಷ್ಟು ದಿನ ಮಾತನಾಡುತ್ತಿದ್ದ ಮುದುಕಿ ಈಗ ಬರೀ ಲೆಕ್ಕವಾಗಿ ಕಂಡಳು. ಗಾಂಧಿ ಚೌಕದಲ್ಲಿ ನಡೆಯುವಾಗಲೂ ಅವನ ಕಣ್ಣು ತಾನಾಗಿಯೇ ಎಣಿಸುತ್ತಿತ್ತು: ಆಟೋ ನಾಲ್ಕು, ಬಾಳೆಗೊನೆ ಒಂಬತ್ತು. ಹಾಳೆ ಹರಿದು ಬಿಸುಟು ಹಳೆಯ ಚಿತ್ರವೊಂದನ್ನೇ ಶಾಹೀನಳ ಮುಂದಿಟ್ಟ. ತಿಕೋಟಾದಲ್ಲಿ ನಡೆದದ್ದನ್ನೂ ಹೇಳಿದ.

ಅವಳಿಗೆ ಆಶ್ಚರ್ಯವಾಗಲಿಲ್ಲ. ಎಷ್ಟೋ ಸಲ ಜನ ಫೋನು ಮಾಡಿ, ಮಸಿ ಹರಡಿದೆ, ಗೆರೆ ಎಷ್ಟಿದ್ದವು ಎಂದು ಕೇಳುತ್ತಾರಂತೆ.

“ನಿನಗ ಗೊತ್ತಿತ್ತೇನಬೇ?”

“ಎಲ್ಲಾರಿಗೂ ಗೊತ್ತೈತಿ ಅಣ್ಣಾ. ನೀವು ಅಷ್ಟ ಖುಷಿಲೇ ಇದ್ರಿ, ಹ್ಯಾಂಗ ಹೇಳಲಿ?”

ಮಲಕಾಜಪ್ಪನವರಿಗೂ ಗೊತ್ತಾಗಿತ್ತು. ಯಾರು ಯಾಕೆ ಪೇಪರು ಕೊಳ್ಳುತ್ತಾರೆಂದು ಕೇಳಿಕೊಂಡು ಕೂತರೆ ಯಾವ ಪೇಪರೂ ಹೊರಡುವುದಿಲ್ಲ, ಸುಮ್ಮನೆ ಬರಿ ಎಂದರು. ಹಾಗೆ ಸುಮ್ಮನೆ ಬರೆದರೆ ಮುಖಪುಟವೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಶನಿವಾರ ಹಾಗೇ ಬರೆದ. ಸೀರೆಗೆ ಗೆರೆ ಎಳೆಯುವಾಗ ಪ್ರತಿ ಗೆರೆಗೂ ಒಂದು ಪೆನ್ಸಿಲಿನ ತುದಿ ಬಂದು ಮುಟ್ಟಿದಂತಾಗುತ್ತಿತ್ತು.

ರವಿವಾರ ರಜೆ. ಬೆಳಿಗ್ಗೆ ರೇಣುಕಾ ಹಿಟ್ಟಿನ ಡಬ್ಬಿ ಬಗ್ಗಿಸಿ ತಳ ಬಡಿಯುವ ಸದ್ದಾಯಿತು. ಅಮಸಿದ್ದನಿಗೆ ಆ ಹೆಂಗಸಿನ ಬಗಲಿನ ಚೀಲ ಕಣ್ಣ ಮುಂದೆ ಬಂತು. ಹಿಂದೆಯೇ ಅಪ್ಪನ ಮಾತೂ ಬಂತು: ಕಟ್ಟಿದ್ದು ಕಳೀತೈತಿ. ತಾನು ಹದಿನಾಲ್ಕು ವರ್ಷ ಮಾಡಿದ್ದು ಅದನ್ನೇ. ಮಾತನ್ನು ಮುದುಕಿಯ ಮೈಮೇಲೆ ಬರೆಯದೆ ಕೆಳಗೆ ಕಟ್ಟಿದ್ದ. ಒಂದು ಮಡಿಕೆಗೆ ಅದು ಕಳೆದುಹೋಗಿತ್ತು.

ಒಣಗಿದ ಕುಂಚದ ಡಬ್ಬಿಯಿಂದ ಅತಿ ತೆಳ್ಳನೆಯ ಕುಂಚ ಹುಡುಕಿ ನೀರಿನಲ್ಲಿ ನೆನೆಯಿಟ್ಟ. ಬೋರ್ಡಿನ ಕಾಲದ ಕೈ ಮರಳಿ ಬಂತು. ಗುರುಸಿದ್ದವ್ವನನ್ನು ಎದುರಿಗೆ ನಿಲ್ಲಿಸಿ ಅವಳ ಸೀರೆಯ ಒಂದೊಂದು ಗೆರೆಯನ್ನೂ ಅಕ್ಷರದಲ್ಲೇ ಎಳೆದ. ದೂರದಿಂದ ನೋಡಿದರೆ ಗೆರೆ. ಪೆನ್ಸಿಲು ಹಿಡಿದು ಹತ್ತಿರ ಬಂದವನಿಗೆ ಮಾತು. ಕೆಳಗೆ ಏನೂ ಬರೆಯಲಿಲ್ಲ.

ಸೋಮವಾರ ಮಲಕಾಜಪ್ಪ ಕನ್ನಡಕ ಮೇಲೆ ಮಾಡಿ ಹಾಳೆಯನ್ನು ಮೂಗಿನ ಹತ್ತಿರ ತಂದು ಓದಿದರು. ಆಮೇಲೆ ಕುರ್ಚಿಗೆ ಒರಗಿದರು.

“ನಾಳಿಂದ ಆ ಐವತ್ತೆಂಟು ಮಂದಿ ಕೇಳೂದಿಲ್ಲ, ತಿಳಕೋ. ಆಮ್ಯಾಲ ಮಾಲಕರಿಗೆ ನಾ ಏನೂ ಹೇಳಾಕ ಬರೂದಿಲ್ಲ.”

“ಬ್ಯಾಡ್ರಿ. ಅವರು ಅಕೀನ್ನ ಕೇಳಿದ್ದ ಇಲ್ಲಲ್ರಿ.”

ಶಾಹೀನ ಒಂದು ಸುದ್ದಿ ತೆಗೆದುಹಾಕಿ ಚಿತ್ರವನ್ನು ಮೂರು ಕಾಲಂ ಅಗಲಕ್ಕೆ ಹಿಗ್ಗಿಸಿದಳು.

ಸಂಜೆ ನಾಲ್ಕೂವರೆಗೆ ಅಮಸಿದ್ದ ತಿಕೋಟಾದ ತಂಗುದಾಣದ ಕಂಬಕ್ಕೆ ಆತು ನಿಂತಿದ್ದ. ರಸ್ತೆಯಾಚೆ ಫಕ್ರುದ್ದೀನನ ಅಂಗಡಿ. ಮುತ್ತು ಎಂದಿನಂತೆ ಮಡಚಿದ, ಪೆನ್ಸಿಲು ತೆಗೆದ. ಮೊದಲ ಗೆರೆಗೆ ತುದಿ ಮುಟ್ಟಿ ನಿಂತಿತು. ಪತ್ರಿಕೆ ಕಣ್ಣಿನ ಹತ್ತಿರ ಹೋಯಿತು. ಅವನ ತುಟಿಗಳು ಅಲುಗುವುದು ಈಚೆಯಿಂದ ಕಾಣುತ್ತಿತ್ತು. ಆಮೇಲೆ ದನಿಯೂ ಕೇಳಿತು, ಸಾಲೆಯ ಹುಡುಗನಂತೆ ಅಕ್ಷರ ಕೂಡಿಸಿ ಓದುವ ದನಿ:

“ಇದು ಗೆರಿ ಅಲ್ಲ ತಮ್ಮಾ, ಮಾತು. ನನಗ ಯಾವ ದೇವರೂ ನಂಬರ ಹೇಳೂದಿಲ್ಲ. ಹೇಳಿಕಿ ಅಜ್ಜನ ಕಾಲಕ್ಕ ಮುಗೀತು. ನಾ ಸೀರಿ ಉಟ್ಟದ್ದು ಮೈ ಮುಚ್ಚಾಕ. ಎಣಿಸೂದ ಇದ್ರ ಮನ್ಯಾಗ ಹಿಟ್ಟ ಎಷ್ಟ ಮುಷ್ಟಿ ಉಳದೈತಿ ಎಣಿಸು. ಗಿರಣಿ ಚೀಲ ಹಿಡಕೊಂಡು ನಿನ್ನ ಹೇಣತಿ ಅಂಗಡಿ ಮುಂದ ನಿಂತಾಳ, ತಿರುಗಿ ನೋಡು.”

ಮೊದಲು ನಕ್ಕವನು ಫಕ್ರುದ್ದೀನ. ಸೌಟು ಕೈಯಲ್ಲೇ ಹಿಡಿದು ಗೋಡೆಗೆ ಒರಗಿ ನಕ್ಕ. ಇನ್ನಿಬ್ಬರು ಕೂಡಿಕೊಂಡರು. ಮುತ್ತು ನಗಲಿಲ್ಲ. ಅವನು ನಿಜವಾಗಿಯೂ ತಿರುಗಿ ನೋಡಿದ. ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಆದರೂ ಆ ಖಾಲಿ ಜಾಗವನ್ನು ನೋಡುತ್ತಲೇ ಇದ್ದ. ಹಂಗಾರೆ ಇವತ್ತಿನ ನಂಬರು ಎಷ್ಟು ಎಂದು ಪಕ್ಕದವನು ಕೇಳಿದ. ಸಾಲು ಆರಿವೆ, ಆರೇ ಇರಬೇಕು ಎಂದು ಮತ್ತೊಬ್ಬ ಹೇಳಿದ.

ಆರು ಬರಲಿಲ್ಲ. ಮರುದಿನ ಕಚೇರಿಗೆ ಬೈಗುಳದ ಕರೆಗಳು ಬಂದವು. ದೇವರು ಸಿಟ್ಟಾಗ್ಯಾನೆ, ಇನ್ನು ಈ ಮನೆತನದಿಂದ ಹೇಳಿಕೆ ಇಲ್ಲ ಎಂಬ ಸುದ್ದಿ ತಿಕೋಟಾದಿಂದ ಕಾಖಂಡಕಿಯವರೆಗೆ ಹಬ್ಬಿತು. ತಿಂಗಳೊಳಗೆ ಫೋನು ತಣ್ಣಗಾಯಿತು. ಕೋಚಿಂಗ್ ಕ್ಲಾಸಿನ ಜಾಹೀರಾತು ಬಂತು; ಅದರಲ್ಲಿದ್ದ ಫೋನ್ ನಂಬರಿನ ಅಂಕಿಗಳನ್ನು ಈಗ ಜನ ಕೂಡಿಸಿ ಕಳೆಯುತ್ತಾರೆಂದು ಶಾಹೀನ ಹೇಳಿದಳು. ಗುರುಸಿದ್ದವ್ವ ಮೂರನೆಯ ಪುಟಕ್ಕೆ ಇಳಿದಳು, ಬೆಂಕಿಪೆಟ್ಟಿಗೆಯಷ್ಟು ಜಾಗಕ್ಕೆ. ಸಂಬಳವೂ ಅರ್ಧಕ್ಕೆ ಇಳಿದು, ಅಮಸಿದ್ದ ವಾರದಲ್ಲಿ ಮೂರು ದಿನ ಗೋಡೆ ಬರಹಕ್ಕೆ ಹೋಗತೊಡಗಿದ.

ಶ್ರಾವಣದ ಒಂದು ಮಂಗಳವಾರ ಜಾಹೀರಾತು ಹೆಚ್ಚಾಗಿ ಚಿತ್ರಕ್ಕೆ ಜಾಗವೇ ಸಿಗಲಿಲ್ಲ. ಯಾರನ್ನೂ ಪರೀಕ್ಷಿಸಲು ಬಿಟ್ಟದ್ದಲ್ಲ. ಸಂಜೆ ಅಮಸಿದ್ದ ಕಚೇರಿಗೆ ಹೋದಾಗ ಶಾಹೀನ ಬಳೆ ಸರಿಸಿಕೊಂಡು ಮೂರು ಬೆರಳು ತೋರಿಸಿದಳು. ಮೂರು ಕರೆ. ಒಂದು ತಪ್ಪಿ ಬಂದದ್ದು. ಆತನಿಗೆ ಗೊಬ್ಬರದ ಅಂಗಡಿ ಬೇಕಿತ್ತು. ಇನ್ನೊಂದು ಬಬಲೇಶ್ವರದ ನಿವೃತ್ತ ಮಾಸ್ತರರದು. ಮೂರನೆಯದು ತಿಕೋಟಾದಿಂದ, ಹೆಂಗಸಿನ ದನಿ, ಹೆಸರು ಹೇಳಲಿಲ್ಲ.

“ಏನ ಕೇಳಿದ್ಲು?”

“ಮುದಕಿ ಇವತ್ತ ಏನಂದಾಳ್ರಿ ಅಂತ ಕೇಳಿದ್ಲು. ಪೇಪರ್‌ನ್ಯಾಗ ಬಂದಿಲ್ಲ, ಬಾಯಿಲೇ ಹೇಳ್ರಿ ಅಂದ್ಲು.”

“ನೀ ಏನ ಹೇಳಿದಿ?”

ಅಮಸಿದ್ದನ ಹಾಳೆ ಅವಳ ಮೇಜಿನ ಮೇಲೆಯೇ ಇತ್ತಲ್ಲ, ಅದನ್ನು ಓದಿ ಹೇಳಿದೆ ಎಂದಳು. ಆ ಕಡೆಯಿಂದ ನಗು ಕೇಳಿಸಿತಂತೆ. ಹಿಂದೆ ಗಿರಣಿಯ ಸದ್ದು ಜೋರಾಗಿ, ಫೋನು ಕಡಿದುಹೋಯಿತಂತೆ.

ಯಾವ ಶಬ್ದಕ್ಕೆ ನಕ್ಕಳು, ಪೂರ್ತಿ ಕೇಳಿದ ಮೇಲೆಯೋ ಅದಕ್ಕೂ ಮೊದಲೋ ಎಂದು ಅಮಸಿದ್ದ ಎರಡು ಸಲ ಕೇಳಿದ. ಅದೆಲ್ಲ ನೆನಪಿಲ್ಲ ಎಂದು ಶಾಹೀನ ಚೀಲ ಹೆಗಲಿಗೇರಿಸಿದಳು. ಅವನು ಮೆಟ್ಟಿಲ ಮೇಲೆ ಕುಳಿತ. ನಾಳೆಯ ಮಾತು ಇನ್ನೂ ಸಿಕ್ಕಿರಲಿಲ್ಲ. ಬೆರಳು ಆಗಲೇ ತೊಡೆಯ ಮೇಲೆ ಸೀರೆಯ ಮೊದಲ ಗೆರೆ ಹಿಡಿದಿತ್ತು.